ಪಾರ್ಕಿನ ಗೋಡೆಯ ಮೇಲೆ ನಮ್ಮೆಲ್ಲರ ಬೆನ್ನು

ದಿನಾ ಬೆಳಿಗ್ಗೆ ನಮ್ಮ ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವವರ ಮುಖಗಳು ನನಗೆ ಅಷ್ಟಾಗಿ ಗೊತ್ತಿಲ್ಲ. ಬೆನ್ನುಗಳು ಮಾತ್ರ ಬಹಳ ಚೆನ್ನಾಗಿ ಗೊತ್ತು. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಎಲ್ಲರೂ ಪ್ರದಕ್ಷಿಣೆ ಹಾಕುವಂತೆ ಒಂದೇ ದಿಕ್ಕಿಗೆ ಸುತ್ತಬೇಕು ಎಂಬುದು ಪಾರ್ಕಿನಲ್ಲಿ ಯಾರೂ ಬರೆದಿಡದ ಕಾನೂನು. ಯಾರಾದರೂ ಹೊಸಬರು ಎದುರು ದಿಕ್ಕಿನಿಂದ ಬಂದರೆ, ಮದುವೆ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ಮಂಟಪ ಹತ್ತಿದವರನ್ನು ನೋಡುವ ಹಾಗೆ ನೋಡುತ್ತೇವೆ. ಹೀಗೆ ಸುತ್ತಿ ಸುತ್ತಿ, ಮುಂದೆ ಹೋಗುತ್ತಿರುವವರ ಬೆನ್ನೇ ಅವರ ಗುರುತಿನ ಚೀಟಿಯಾಗಿಬಿಟ್ಟಿದೆ.

ಒಮ್ಮೆ ತರಕಾರಿ ಅಂಗಡಿಯಲ್ಲಿ ಒಬ್ಬರು ನನ್ನನ್ನು ನೋಡಿ ಬಾಯ್ತುಂಬಾ ನಕ್ಕು, "ಏನ್ ಸಾರ್, ಇವತ್ತು ಬರಲಿಲ್ಲ?" ಎಂದರು. ಯಾರೋ ತಿಳಿಯಲಿಲ್ಲ. ನಾನೂ ಹಲ್ಲು ಬಿಟ್ಟುಕೊಂಡು, ಮಳೆ, ಬಿಸಿಲು, ಬೀನ್ಸಿನ ಬೆಲೆ ಎಂದೆಲ್ಲ ಸಂದಿಗ್ಧವಾಗಿ ಮಾತಾಡುತ್ತಾ ನಿಂತೆ. ಅವರು ಹೋಗಿಬರುತ್ತೇನೆ ಎಂದು ತಿರುಗಿದರು ನೋಡಿ, ಥಟ್ಟನೆ ಹೊಳೆಯಿತು. ಅಯ್ಯೋ, ನೀಲಿ ಗೆರೆಯ ಟೀ ಶರ್ಟಿನವರು! ಎರಡು ವರ್ಷದಿಂದ ಬಲ್ಲೆ. ಓಡಿಹೋಗಿ ಮಾತಾಡಿಸೋಣ ಎಂದುಕೊಂಡೆ. ಆದರೆ ಅವರು ಮತ್ತೆ ಮುಖ ತಿರುಗಿಸಿದರೆ ಪುನಃ ಅಪರಿಚಿತರಾಗಿಬಿಡುತ್ತಾರಲ್ಲ ಎಂದು ಸುಮ್ಮನಾದೆ.

ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಅಳತೆಯ ಸರಪಳಿ, ಕಲ್ಲು, ಗಡಿ, ನಕ್ಷೆ ಇವುಗಳ ನಡುವೆಯೇ ತಲೆಗೂದಲು ಬೆಳ್ಳಗಾಯಿತು. ಒಂದು ಹೊಲದ ಮೂಲೆಯಲ್ಲಿ ನಿಂತರೆ ಬದು ಎಲ್ಲಿ ಸೊಟ್ಟಗಿದೆ ಎಂದು ಬರಿಗಣ್ಣಿನಲ್ಲೇ ಹೇಳಬಲ್ಲೆ ಎಂಬುದು ನನ್ನ ಹೆಮ್ಮೆ. ಈ ಹೆಮ್ಮೆಯ ಕಣ್ಣಿಗೆ ಮೈಸೂರಿನ ನಮ್ಮ ವಿದ್ಯಾರಣ್ಯಪುರಂ ಪಾರ್ಕಿನ ಹಿಂದಿನ ಗೋಡೆ ಯಾವತ್ತೂ ಒಂದು ಕಸಿವಿಸಿ. ಉದ್ದವಾದ ಗೋಡೆ. ಅದರ ಮೇಲೆ ಟ್ಯೂಷನ್ ಜಾಹೀರಾತು, ಮೂಲವ್ಯಾಧಿಗೆ ಮದ್ದು, ಹರಿದ ಸಿನಿಮಾ ಪೋಸ್ಟರು, ಎಲೆಯಡಿಕೆ ಉಗುಳಿದ ಕೆಂಪು. ಮಧ್ಯದಲ್ಲಿ ದಪ್ಪ ಅಕ್ಷರದಲ್ಲಿ "ಇಲ್ಲಿ ಮೂತ್ರ ಮಾಡಬಾರದು" ಎಂಬ ಬರಹ. ಆ ಬರಹ ಓದಿದವರಿಗೆ, ಓಹೋ ಹಾಗಾದರೆ ಇದೇ ಸರಿಯಾದ ಜಾಗ ಎಂದು ಗೊತ್ತಾಗುತ್ತಿತ್ತೋ ಏನೋ, ಗೋಡೆಯ ಆ ಭಾಗವೇ ಎಲ್ಲಕ್ಕಿಂತ ಹೆಚ್ಚು ನಾರುತ್ತಿತ್ತು. ವಾಕಿಂಗ್ ಮಾಡುವವರೆಲ್ಲ ಅಲ್ಲಿಗೆ ಬಂದಾಗ ಉಸಿರು ಬಿಗಿಹಿಡಿದು ಜೋರಾಗಿ ನಡೆಯುತ್ತಿದ್ದೆವು. ವ್ಯಾಯಾಮಕ್ಕೆ ಒಳ್ಳೆಯದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆವು.

ಈ ಗೋಡೆಯ ಕಥೆಗೆ ಮೊದಲು ಮನೆಯ ವಿಷಯ ಹೇಳಿಬಿಡಬೇಕು. ನನ್ನ ಹೆಂಡತಿ ಕಮಲ. ಅವಳ ಬಲಗಾಲಿನ ಮಂಡಿ ಸವೆದುಹೋಗಿ ಆಪರೇಷನ್ ಆಯಿತು. ಹೊಸ ಮಂಡಿ ಕೂರಿಸಿದರು. ಡಾಕ್ಟರು, "ನಮ್ಮ ಕೆಲಸ ಮುಗೀತಮ್ಮ, ಇನ್ನು ನಿಮ್ಮದು. ನಡೀಬೇಕು. ನಡೀದೇ ಇದ್ರೆ ಮಂಡಿ ಬಿಗಿದುಕೊಂಡುಬಿಡುತ್ತೆ, ಆಮೇಲೆ ದೇವರೇ ಬಂದರೂ ಮಡಚೋಕಾಗಲ್ಲ" ಎಂದು ಹೇಳಿ ಕಳಿಸಿದರು. ಅಲ್ಯೂಮಿನಿಯಮ್ ವಾಕರ್ ಒಂದು ಮನೆಗೆ ಬಂತು. ಕಮಲ ಅದನ್ನು ಹಿಡಿದು ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಂಚಕ್ಕೆ ನಡೆದಳು. ಅಷ್ಟೇ. ಹೊಸಿಲು ದಾಟಲಿಲ್ಲ.

ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಹುಡುಗಿ ಬೇಡಿಕೊಂಡಳು, ಗದರಿದಳು, ಕೊನೆಗೆ ನನ್ನ ಕಡೆ ನೋಡಿ ತಲೆಯಾಡಿಸಿದಳು. "ಅಂಕಲ್, ಮನೆಯೊಳಗೆ ಹತ್ತು ಹೆಜ್ಜೆ ಇಟ್ರೆ ಸಾಲದು. ಹೊರಗೆ ಕರ್ಕೊಂಡು ಹೋಗಿ. ಈಗಲೇ ಮಂಡಿ ಮೊದಲಿನಷ್ಟು ಮಡಚ್ತಾ ಇಲ್ಲ" ಎಂದಳು. ಕಮಲಳಿಗೂ ಇದು ಗೊತ್ತಿತ್ತು. ಆದರೆ ಅವಳ ಭಯವೇ ಬೇರೆ. "ವಾಕರ್ ಹಿಡ್ಕೊಂಡು ಬೀದಿಗಿಳಿದ್ರೆ ಎಲ್ರೂ ಏನಾಯ್ತು, ಏನಾಯ್ತು ಅಂತ ಕೇಳ್ತಾರೆ. ಒಬ್ಬೊಬ್ಬರಿಗೂ ನಿಂತು ಮಂಡಿ ಪುರಾಣ ಹೇಳ್ಬೇಕು. ಅವರು ಅಯ್ಯೋ ಪಾಪ ಅಂತಾರೆ. ಆ ಅಯ್ಯೋ ಪಾಪ ಕೇಳೋಕೆ ನನ್ನ ಕೈಲಿ ಆಗಲ್ಲಪ್ಪ" ಎನ್ನುವಳು. ನಾನು ಎಷ್ಟು ಹೇಳಿದರೂ ಒಂದೇ ಮಾತು, "ಮುಂದಿನ ವಾರ ನೋಡೋಣ." ಆ ಮುಂದಿನ ವಾರ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಬರಲೇ ಇಲ್ಲ.

ಹಿಂದೆ ನಾವಿಬ್ಬರೂ ಒಟ್ಟಿಗೇ ವಾಕಿಂಗ್ ಹೋಗುತ್ತಿದ್ದೆವು. ಒಟ್ಟಿಗೆ ಎಂದರೆ, ಒಂದೇ ಸಮಯಕ್ಕೆ ಮನೆ ಬಿಡುತ್ತಿದ್ದೆವು ಎಂದು ಅರ್ಥ. ಈಗ ನಾನೊಬ್ಬನೇ ಹೋಗುತ್ತಿದ್ದೆ. ಹೋಗುವುದರಲ್ಲಿ ರುಚಿ ಇರಲಿಲ್ಲ.

ಆಗಲೇ ಬಂದರು ಆ ಚಿತ್ರಕಲೆಯ ವಿದ್ಯಾರ್ಥಿಗಳು. ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು ಶ್ರೀಕಂಠಯ್ಯನವರು. ಮೈಕು ಸಿಕ್ಕರೆ ಬಿಡದ ಮನುಷ್ಯ, ಆದರೆ ಮನಸ್ಸು ಒಳ್ಳೆಯದು. ಗೋಡೆಗೆ ದೇವರ ಟೈಲ್ಸ್ ಅಂಟಿಸಿದರೆ ಯಾರೂ ಗಲೀಜು ಮಾಡುವುದಿಲ್ಲ ಎಂಬುದು ಅವರ ಮೊದಲ ಯೋಜನೆ. ಊರಲ್ಲೆಲ್ಲ ಮಾಡುತ್ತಾರಲ್ಲ, ಗಣಪತಿ, ಏಸು, ಮೆಕ್ಕಾ ಸಾಲಾಗಿ ಅಂಟಿಸಿ, ಮೂರು ಧರ್ಮದವರನ್ನೂ ಒಂದೇ ಸಲಕ್ಕೆ ತಡೆಯುವ ಉಪಾಯ. ಕಮಿಟಿಯಲ್ಲಿ ಯಾರೋ, ಆ ಕೊಳಕಿನಲ್ಲಿ ದೇವರನ್ನು ನಿಲ್ಲಿಸಿ ಕಾವಲು ಕಾಯಿಸುವುದು ದೇವರಿಗೇ ಅವಮಾನ ಅಲ್ಲವೇ ಎಂದರು. ಹಾಗಾಗಿ ವಿದ್ಯಾರ್ಥಿಗಳಿಂದ ಚಿತ್ರ ಬರೆಸುವುದು ಎಂದಾಯಿತು.

ಹುಡುಗರ ತಂಡದ ಮುಂದಾಳು ಪವಿತ್ರ ಎಂಬ ಹುಡುಗಿ. ಇಲವಾಲದಿಂದ ದಿನಾ ಬಸ್ಸಿನಲ್ಲಿ ಬರುವವಳು. ಸಣಕಲು ದೇಹ, ಜೋರು ಕಣ್ಣು. ಅವಳನ್ನು ಕೂರಿಸಿಕೊಂಡು ಶ್ರೀಕಂಠಯ್ಯನವರು, "ನೋಡಮ್ಮ, ಮೈಸೂರು ಅಂದ್ಮೇಲೆ ಏನಿರ್ಬೇಕು? ಜಂಬೂ ಸವಾರಿ. ಈ ಕೊನೆಯಿಂದ ಆ ಕೊನೆ ತನಕ ಜಂಬೂ ಸವಾರಿ ಬರೆದುಬಿಡಿ, ಭರ್ಜರಿಯಾಗಿರಬೇಕು" ಎಂದು ಅಪ್ಪಣೆ ಕೊಡಿಸಿದರು. ಅವಳು ಮರುಮಾತಿಲ್ಲದೆ "ಆಯ್ತು ಸರ್" ಎಂದಳು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಮೈಸೂರಿನ ಗೋಡೆಗಳ ಮೇಲಿರುವ ಆನೆಗಳನ್ನೆಲ್ಲ ಇಳಿಸಿ ಓಡಿಸಿದರೆ ಬಂಡೀಪುರದಲ್ಲಿ ಜಾಗ ಸಾಲದು. ರೈಲ್ವೆ ನಿಲ್ದಾಣದ ಹತ್ತಿರ ಆನೆ, ಕಲ್ಯಾಣ ಮಂಟಪದಲ್ಲಿ ಆನೆ, ಬೇಕರಿಯ ಷಟರಿನ ಮೇಲೆ ಆನೆ. ಇನ್ನೊಂದು ಆನೆ ಬೇಕಿತ್ತೇ?

ಆಮೇಲೆ ಕೆಲವು ವಾರ ಆ ಮಕ್ಕಳು ಚಿತ್ರವನ್ನೇ ಬರೆಯಲಿಲ್ಲ. ಬೆಳಿಗ್ಗೆ ನಾವು ಬರುವ ಹೊತ್ತಿಗೆ ಬೆಂಚುಗಳ ಮೇಲೆ ಕಾಗದ ಪೆನ್ಸಿಲು ಹಿಡಿದು ಕೂತು ನಮ್ಮನ್ನು ನೋಡುತ್ತಿದ್ದರು. ನಾವು ಹತ್ತಿರ ಬಂದಾಗ ತಲೆ ತಗ್ಗಿಸುವರು, ದಾಟಿಹೋದ ಮೇಲೆ ತಲೆ ಎತ್ತುವರು. ಸಂಕೋಚ ಇರಬೇಕು, ಒಳ್ಳೆಯ ಮಕ್ಕಳು ಎಂದುಕೊಂಡೆ. ನಂತರ ಗೋಡೆ ತೊಳೆದರು, ಸುಣ್ಣ ಬಳಿದರು, ಮುಂದೆ ಹಸಿರು ಪರದೆ ಕಟ್ಟಿದರು. ಪರದೆಯ ಹಿಂದಿನಿಂದ ನಗು, ಹಾಡು, ಬಣ್ಣದ ವಾಸನೆ. ನಾವು ಮುದುಕರು ನಡೆಯುತ್ತಾ ಒಂದು ಕಣ್ಣು ಆ ಕಡೆಗೇ ನೆಟ್ಟಿರುತ್ತಿದ್ದೆವು. ಉಸಿರು ಬಿಗಿಹಿಡಿಯುವುದು ಮರೆತೇಹೋಗಿತ್ತು.

ಒಂದು ಭಾನುವಾರ ಬೆಳಿಗ್ಗೆ ತೆಂಗಿನಕಾಯಿ ಒಡೆದು ಪರದೆ ಇಳಿಸಿದರು. ಎಲ್ಲರೂ ಚಪ್ಪಾಳೆಗೆಂದು ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಗೋಡೆಯ ತುಂಬ ಜನ. ಗಂಡಸರು, ಹೆಂಗಸರು, ಮಕ್ಕಳು, ಆಳೆತ್ತರದ ನಿಜಗಾತ್ರದ ಜನ, ಸಾಲು ಸಾಲಾಗಿ ನಿಂತಿದ್ದಾರೆ. ಎಲ್ಲರೂ ನಮಗೆ ಬೆನ್ನು ಮಾಡಿ ನಿಂತಿದ್ದಾರೆ. ಒಬ್ಬರದೂ ಮುಖ ಕಾಣುವುದಿಲ್ಲ. ಗೋಡೆಯ ಮೇಲಂಚಿನಲ್ಲಿ, ಈ ತಲೆಗಳೆಲ್ಲದರ ಆಚೆ, ತೀರಾ ದೂರದಲ್ಲಿ, ಹೆಬ್ಬೆರಳಿನಷ್ಟು ಚಿನ್ನದ ಕಳಶವೊಂದು ಮಿಣುಕುತ್ತಿದೆ.

"ಆನೆ ಎಲ್ಲಮ್ಮಾ?" ಎಂದರು ಶ್ರೀಕಂಠಯ್ಯ.

"ಆ ಕಡೆ ಇದೆ ಸರ್."

"ಆ ಕಡೆ ಅಂದ್ರೆ?"

"ಜನರ ಆಚೆ. ನಾನು ಚಿಕ್ಕೋಳಿದ್ದಾಗಿಂದ ಇಲವಾಲದಿಂದ ಬಂದು ಜಂಬೂ ಸವಾರಿ ನೋಡ್ತಾ ಇದೀನಿ ಸರ್. ಒಂದ್ಸಲಾನೂ ಆನೆ ಕಂಡಿಲ್ಲ. ಮುಂದೆ ನಿಂತಿರೋರ ಬೆನ್ನೇ ಕಂಡಿರೋದು. ಅಂಬಾರಿ ಬಂತು ಅಂತ ಎಲ್ರೂ ಕೂಗ್ತಾರೆ, ನಾನು ಎಗರಿ ಎಗರಿ ನೋಡ್ತೀನಿ, ಕಳಶ ಒಂದು ಫಳ್ ಅನ್ನುತ್ತೆ, ಅಷ್ಟೇ. ನೋಡಿದ್ದನ್ನೇ ಬರೆದಿದೀನಿ."

ಶ್ರೀಕಂಠಯ್ಯನವರಿಗೆ ಮಾತೇ ಹೊರಡಲಿಲ್ಲ. ಇದು ಅಪರೂಪದ ಸಂಗತಿ. ನಾನು ಮಾತ್ರ ಒಳಗೊಳಗೇ ಶಹಭಾಸ್ ಎಂದೆ. ಯಾಕೆಂದರೆ ಅವಳು ಹೇಳಿದ್ದು ಅಕ್ಷರಶಃ ನಿಜ. ಈ ಊರಿನಲ್ಲೇ ಹುಟ್ಟಿ ಬೆಳೆದ ನನ್ನನ್ನು ಹೊರಗಿನ ನೆಂಟರು, ದಸರಾ ನೋಡಿರುತ್ತೀರಲ್ಲ, ಎಷ್ಟು ಪುಣ್ಯವಂತರು ಎನ್ನುತ್ತಾರೆ. ನಾನೂ ಹೌದೆಂದು ಗಂಭೀರವಾಗಿ ತಲೆಯಾಡಿಸುತ್ತೇನೆ. ಮೈಸೂರಿನವರು ಜಂಬೂ ಸವಾರಿ ನೋಡುವುದು ಸಯ್ಯಾಜಿರಾವ್ ರಸ್ತೆಯಲ್ಲಿ ಹೊತ್ತಿಗೆ ಮುಂಚೆ ಹೋಗಿ ಬಿಸಿಲಲ್ಲಿ ನಿಂತು, ಅಪರಿಚಿತರ ಬೆವರಿದ ಬೆನ್ನುಗಳನ್ನು ಕಣ್ತುಂಬಿಕೊಂಡು, ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚಿಕೊಂಡು, ಟಿವಿಯಲ್ಲಿ ಮರುಪ್ರಸಾರ ಹಾಕಿದಾಗ. ಪಾಸು ಸಿಕ್ಕ ಅದೃಷ್ಟವಂತರ ವಿಷಯ ಬೇರೆ.

ಅಧ್ಯಕ್ಷರು ಚೇತರಿಸಿಕೊಂಡು, "ಬೆನ್ನು ತೋರಿಸೋದು ಅಪಶಕುನ, ಬಳಿದು ಹಾಕಿ" ಎಂದು ಕೂಗಾಡುವ ಹೊತ್ತಿಗೆ ಅವರ ಮೊಮ್ಮಗಳು, "ಅಜ್ಜಾ, ನಾನು!" ಎಂದು ಕಿರುಚಿದಳು. ನಿಜ. ಗೋಡೆಯ ಮಧ್ಯದಲ್ಲಿ ಒಬ್ಬ ದಪ್ಪನೆಯ ಅಜ್ಜನ ಹೆಗಲ ಮೇಲೆ ಎರಡು ಜಡೆಯ ಹುಡುಗಿ ಕೂತಿದ್ದಾಳೆ. ಅಷ್ಟು ಜನರಲ್ಲಿ ಆನೆ ಕಾಣುತ್ತಿರುವುದು ಅವಳೊಬ್ಬಳಿಗೇ, ಕೈ ಚಾಚಿ ತೋರಿಸುತ್ತಿದ್ದಾಳೆ. ಶ್ರೀಕಂಠಯ್ಯನವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ತಮ್ಮ ಬೆನ್ನನ್ನೇ ನೋಡಿದರು. ಗೋಡೆಗೆ ಸುಣ್ಣ ಬಳಿಯುವ ಮಾತು ಅಲ್ಲಿಗೆ ನಿಂತುಹೋಯಿತು. ಈಗ ಪಾರ್ಕಿಗೆ ಯಾರೇ ಬಂದರೂ ಅದರ ಕಲಾತ್ಮಕ ಅರ್ಥವನ್ನು ವಿವರಿಸುವವರು ಅವರೇ.

ಆಮೇಲೆ ಶುರುವಾಯಿತು ನೋಡಿ ಹುಡುಕಾಟ. ನನ್ನ ವಾಕಿಂಗ್ ಗೆಳೆಯ ಮಾದೇವಪ್ಪ, ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು, ಹೆಗಲ ಮೇಲಿನ ಟವೆಲ್ಲಿನಿಂದ ತನ್ನನ್ನು ಕಂಡುಹಿಡಿದ. "ನೋಡಿ ಸಾ, ಎಂಗೆ ಬರ್ದವ್ರೆ! ಟವೆಲ್ ಜಾರ್ದಂಗೆ ಒಂದ್ಕಡೆ ಎಗ್ಲು ಎತ್ಕಂಡಿವ್ನಿ, ನಂಗೇ ಗೊತ್ತಿರ್ನಿಲ್ಲ!" ಎಂದು ಕುಣಿದಾಡಿದ. ಹೆಂಗಸರ ವಾಕಿಂಗ್ ಗುಂಪಿನ ಸಾವಿತ್ರಮ್ಮನವರು ತಮ್ಮ ಬೆನ್ನಿನ ಅಗಲದ ಬಗ್ಗೆ ಪವಿತ್ರಳ ಹತ್ತಿರ ತಕರಾರು ತೆಗೆದರು. ನೀಲಿ ಗೆರೆಯವರಿಗೆ ಹಳದಿ ಅಂಗಿ ತೊಡಿಸಿದ್ದರು, ಆದರೂ ಎಲ್ಲರೂ ಗುರುತು ಹಿಡಿದರು. ಬಟ್ಟೆ ಬಣ್ಣ ಮಾತ್ರ ನಮ್ಮಿಷ್ಟ, ನಿಲುವು ನಿಮ್ಮದೇ ಎಂದು ಮಕ್ಕಳು ನಕ್ಕರು. ಹೆಸರೇ ಗೊತ್ತಿಲ್ಲದೆ ವರ್ಷಗಟ್ಟಲೆ ಒಬ್ಬರ ಹಿಂದೊಬ್ಬರು ಸುತ್ತಿದವರು ಗೋಡೆಯ ಮುಂದೆ ನಿಂತು, ಇದು ನೀವಲ್ಲವೇ, ಹೌದು ನಾನೇ, ನಿಮ್ಮ ಹೆಸರು ಎಂದು ಕೇಳಿಕೊಂಡರು. ನಾನು ಅಳತೆಯವನು. ಪಾರ್ಕಿನ ವಿಸ್ತೀರ್ಣ ಒಂದು ಅಂಗುಲವೂ ಹೆಚ್ಚಾಗಿರಲಿಲ್ಲ. ಆದರೂ ಅದು ದೊಡ್ಡದಾದಂತೆ ಕಂಡಿತು. ಈ ಲೆಕ್ಕ ನಮ್ಮ ಯಾವ ಸರಪಳಿಗೂ ಸಿಕ್ಕುವುದಲ್ಲ.

ಇನ್ನೊಂದು ಆಶ್ಚರ್ಯ. ಅಂದಿನಿಂದ ಆ ಗೋಡೆಗೆ ಯಾರೂ ಉಗುಳಲಿಲ್ಲ. ದೇವರಿಗೂ ಕಾನೂನಿಗೂ ಬಗ್ಗದವರು ಬೆನ್ನಿಗೆ ಹೇಗೆ ಬಗ್ಗಿದರು ಎಂದು ಯೋಚಿಸಿದೆ. ಉಗುಳುವ ಮೊದಲು, ಇದು ಪರಿಚಯದವರ ಬೆನ್ನೋ ಏನೋ ಎಂದು ಒಂದು ಕ್ಷಣ ಅನುಮಾನ ಬರುತ್ತದೆಯಲ್ಲ, ಆ ಒಂದು ಕ್ಷಣ ಸಾಕು, ಬಾಯಿ ಮುಚ್ಚಿಕೊಳ್ಳುತ್ತದೆ.

ನಿಜ ಹೇಳಬೇಕೆಂದರೆ ನಮ್ಮ ಭಾಷೆಗೆ ಬೆನ್ನಿನ ಮೇಲೆ ವಿಪರೀತ ಪ್ರೀತಿ. ಮೆಚ್ಚಿದರೆ ಬೆನ್ನು ತಟ್ಟುತ್ತೇವೆ. ಕಷ್ಟದಲ್ಲಿ ಬೆನ್ನಿಗೆ ನಿಲ್ಲುತ್ತೇವೆ. ಆಸೆಪಟ್ಟಿದ್ದರ ಬೆನ್ನು ಹತ್ತುತ್ತೇವೆ. ನಮ್ಮ ನಂತರ ಹುಟ್ಟಿದವನು ಬೆನ್ನಲ್ಲಿ ಬಿದ್ದ ತಮ್ಮ. ಪುಸ್ತಕಕ್ಕೂ ಮುನ್ನುಡಿ ಇದ್ದಂತೆ ಬೆನ್ನುಡಿ ಇದೆ, ಅನೇಕರು ಓದುವುದು ಅದೊಂದನ್ನೇ. ಇಷ್ಟಿದ್ದೂ, ನಾನು ಕಂಡ ಮೈಸೂರು ಶೈಲಿಯ ಹಳೆಯ ಚಿತ್ರಗಳಲ್ಲಿ ದೇವರು, ದೊರೆ, ಚಾಮರ ಬೀಸುವವಳು, ಯಾರೂ ಪೂರ್ತಿ ಬೆನ್ನು ತೋರಿಸುವುದಿಲ್ಲ. ಚಿನ್ನದ ರೇಕು ಹಚ್ಚುವವರು ಮುಖಕ್ಕೆ, ಕಿರೀಟಕ್ಕೆ, ಒಡವೆಗೆ ಹಚ್ಚಿ ಮುಗಿಸಿಬಿಡುತ್ತಾರೆ. ಮನುಷ್ಯ ಹೊತ್ತು ತಿರುಗುವ ಇಷ್ಟು ದೊಡ್ಡ ಅಂಗವನ್ನು ಚಿತ್ರಕಾರರು ಯಾಕೆ ಹೀಗೆ ಅಲಕ್ಷ್ಯ ಮಾಡಿದರೋ! ಒಂದು ಕಾರಣ ಇರಬಹುದು. ಮುಖಕ್ಕೆ ಏನಾದರೂ ಅಭಿನಯ ಕಲಿಸಬಹುದು. ಕನ್ನಡಿ ಇದೆ, ಅಭ್ಯಾಸ ಮಾಡಬಹುದು. ಬೆನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಇಷ್ಟೆಲ್ಲ ತತ್ವ ನುಡಿಯುವ ನನಗೆ ಒಂದು ಕೊರಗು ಉಳಿಯಿತು. ಗೋಡೆಯ ಮೇಲೆ ನಾನಿರಲಿಲ್ಲ. ಈ ತುದಿಯಿಂದ ಆ ತುದಿಗೆ ಹುಡುಕಿದೆ. ನೆಟ್ಟಗೆ, ಎದೆ ಸೆಟೆದು ನಿಂತ ಒಂದು ಬೆನ್ನು ಕಂಡು, ಆಹಾ ಇದೇ ಎಂದು ಹತ್ತಿರ ಹೋದೆ. ಸಾವಿತ್ರಮ್ಮನವರು, "ಯೋಗ ಮೇಷ್ಟ್ರು ಎಷ್ಟು ಚೆನ್ನಾಗಿ ಬಂದಿದಾರಲ್ವಾ?" ಎಂದರು. ಹೌದು ಹೌದು ಎಂದು ಜಾರಿಕೊಂಡೆ. ದಿನಾ ಬರುವ ನನ್ನನ್ನು ಬಿಟ್ಟುಬಿಟ್ಟರಲ್ಲ ಎಂದು ನಿಜವಾಗಿಯೂ ಬೇಸರವಾಯಿತು.

ಹುಡುಕುವಾಗಲೇ ಕಣ್ಣಿಗೆ ಬಿದ್ದದ್ದು ಆ ಇನ್ನೊಂದು ಬೆನ್ನು. ಕುಡಿಯುವ ನೀರಿನ ನಲ್ಲಿಯ ಪಕ್ಕದಲ್ಲಿ, ಗುಂಪಿಗಿಂತ ಒಂದು ಹೆಜ್ಜೆ ಮುಂದೆ ನಿಂತವನು. ಎರಡೂ ಕೈ ಹಿಂದೆ ಕಟ್ಟಿದ್ದಾನೆ. ಬಲ ಭುಜ ಕೆಳಗಿಳಿದಿದೆ. ಕುತ್ತಿಗೆ ಮುಂದಕ್ಕೆ ಚಾಚಿ, ಆನೆಗೂ ದಾರಿ ತೋರಿಸಲು ಹೊರಟವನಂತೆ ನಿಂತಿದ್ದಾನೆ. ನೆತ್ತಿಯ ಮೇಲೆ ಕೂದಲು ಸರಿದು ಚೊಂಬಿನ ಮುಚ್ಚಳದಷ್ಟು ಬಯಲು. ಈತನ ಗುರುತು ಮಾತ್ರ ನನಗೆ ಸಿಕ್ಕಲಿಲ್ಲ. ಎಲ್ಲರ ಬೆನ್ನೂ ಬಲ್ಲ ನನಗೆ ಇದೊಂದು ಸವಾಲಾಯಿತು. "ಯಾರೋ ಸ್ವಲ್ಪ ಜಂಬದ ಮನುಷ್ಯ. ಸರ್ಕಾರಿ ಕೆಲಸದಲ್ಲಿದ್ದವನು. ಮನೆಯಲ್ಲಿ ಇವನ ಮಾತು ನಡೆಯುವುದಿಲ್ಲ, ಅದಕ್ಕೇ ಬೀದಿಯಲ್ಲಿ ಈ ಗತ್ತು" ಎಂದು ಮಾದೇವಪ್ಪನಿಗೆ ವಿಶ್ಲೇಷಣೆ ಮಾಡಿ ಹೇಳಿದೆ. ಅವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. "ಯಾರೋ ಕಾಣೆ ಬುಡಿ ಸಾ. ಈ ಕಡೆಯೋರೇ ಇರ್ಬೇಕು" ಎಂದು ಟವೆಲ್ಲಿನಿಂದ ಬಾಯಿ ಒರೆಸಿಕೊಂಡ. ಸಾವಿತ್ರಮ್ಮನವರು ಆಕಾಶ ನೋಡಿದರು. ಪವಿತ್ರಳನ್ನೇ ಕೇಳಿದೆ. "ಹೇಳಿಬಿಟ್ರೆ ಮಜಾ ಇರಲ್ಲ ಸರ್, ನೀವೇ ಕಂಡುಹಿಡೀರಿ" ಎಂದು ಬ್ರಷ್ಷು ತೊಳೆಯಲು ಓಡಿಹೋದಳು.

ಮನೆಗೆ ಬಂದು ಕಾಫಿ ಕುಡಿಯುತ್ತಾ ಕಮಲಳಿಗೆ ಎಲ್ಲ ಹೇಳಿದೆ. ಆನೆಯಿಲ್ಲದ ಜಂಬೂ ಸವಾರಿ ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ಬಹಳ ದಿನವಾಗಿತ್ತು ಅವಳು ಹಾಗೆ ನಕ್ಕು. ಆ ನಿಗೂಢ ಬೆನ್ನಿನ ಮಾತು ಬಂದಾಗ ಮಾತ್ರ ನಗು ನಿಲ್ಲಿಸಿ, "ಭುಜ ಹೇಗಿದೆ ಅಂದ್ರಿ?" ಎಂದಳು. ಬಲಗಡೆ ಇಳಿದಿದೆ ಎಂದೆ. "ಕೈ ಹೇಗೆ ಕಟ್ಟಿದಾರೆ?" ಎಡಗೈಯಲ್ಲಿ ಬಲ ಮಣಿಕಟ್ಟು ಹಿಡಿದಿದ್ದಾನೆ. "ನೆತ್ತಿ?" ಬಯಲು. "ಓಹೋ" ಎಂದು ಲೋಟ ಬಾಯಿಗಿಟ್ಟುಕೊಂಡಳು. ನಾಳೆ ಫೋಟೋ ತೆಗೆದುಕೊಂಡು ಬರುತ್ತೇನೆ ಎಂದರೆ, "ಫೋಟೋ ಬೇಡ. ಅದರಲ್ಲಿ ಏನು ಗೊತ್ತಾಗುತ್ತೆ. ನೀವು ಬಾಯಲ್ಲೇ ಹೇಳಿ, ಚೆನ್ನಾಗಿ ಹೇಳ್ತೀರ" ಎಂದಳು.

ಹೆಂಡತಿ ಹೊಗಳಿದರೆ ಯಾವ ಗಂಡಸು ಸುಮ್ಮನಿದ್ದಾನು? ದಿನಾ ಹೋಗಿ ಆ ಬೆನ್ನನ್ನು ನೋಡಿಕೊಂಡು ಬಂದು ಹೊಸ ಹೊಸ ವರದಿ ಒಪ್ಪಿಸಿದೆ. ಈತನಿಗೆ ತಾಳ್ಮೆ ಕಡಿಮೆ. ಯಾರನ್ನೂ ಕಾಯುವವನಲ್ಲ. ಇವನ ಜೊತೆ ನಡೆಯುವವರ ಪಾಡು ಕಷ್ಟ. ಅವಳು ಒಂದೊಂದಕ್ಕೂ "ಹೌದಾ? ಆಮೇಲೆ?" ಎಂದು ಕೇಳಿದಳು. ಈ ನಡುವೆ ವ್ಯಾಯಾಮದ ಹುಡುಗಿ ಬಂದು ಮಂಡಿ ಮಡಚಿಸಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಹೋದಳು. ಅವತ್ತು ಸಂಜೆ ನಾನು ಯಾವ ವರದಿಯನ್ನೂ ಒಪ್ಪಿಸಲಿಲ್ಲ. ಕಮಲಳೇ, "ನಾಳೆ ನಾನೇ ಬಂದು ನೋಡ್ತೀನಿ" ಎಂದಳು. ನಾನು ಏನನ್ನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಮುಂದಿನ ವಾರಕ್ಕೆ ಹಾಕುವಳೋ ಎಂದು ಹೆದರಿಕೆ.

ಬೆಳಿಗ್ಗೆ ಅವಳು ವಾಕರ್ ಊರಿಕೊಂಡು ಹೊಸಿಲು ದಾಟಿದಳು. ನಮ್ಮ ಬೀದಿ, ತಿರುವು, ಹಾಲಿನ ಬೂತು, ಆಮೇಲೆ ಪಾರ್ಕಿನ ಗೇಟು. ನಡುವೆ ಎರಡು ಕಡೆ ಕೂತಳು. ಒಮ್ಮೆ ನೋವಿಗೆ ತುಟಿ ಕಚ್ಚಿಕೊಂಡಳು. ವಾಪಸ್ ಹೋಗೋಣವೇ ಎಂದರೆ ಬೇಡ ಎಂದು ತಲೆಯಲ್ಲಾಡಿಸಿದಳು. ಗೇಟಿನ ಒಳಗೆ ಸಾವಿತ್ರಮ್ಮನವರ ಗುಂಪು ಕಂಡಿತು. ಕಮಲ ನಿಂತುಬಿಟ್ಟಳು. ಬಂತು, ಅಯ್ಯೋ ಪಾಪ ಈಗ ಬಂತು ಎಂದು ನನಗೂ ಅನ್ನಿಸಿತು.

ಸಾವಿತ್ರಮ್ಮನವರು ಓಡೋಡಿ ಬಂದು, "ಸದ್ಯ ಬಂದ್ರಲ್ಲ ಕಮಲ! ಬೇಗ ಬನ್ನಿ, ನೀವು ಬರ್ಲಿ ಅಂತಾನೇ ಎಲ್ಲರೂ ಕಾಯ್ತಾ ಇದೀವಿ" ಎಂದರು. ಮಾದೇವಪ್ಪ ಹಿಂದಿನಿಂದ, "ಅಮ್ಮಾವ್ರೆ, ನೀವೇ ಯೋಳ್ಬುಡಿ. ಸಾಹೇಬ್ರಿಗೆ ಯೋಳೋಕೆ ನಮ್ಗೆ ಯಾರ್ಗೂ ಧೈರ್ಯ ಇಲ್ಲ" ಎಂದ. ಮಂಡಿಯ ಮಾತು ಒಬ್ಬರೂ ಎತ್ತಲಿಲ್ಲ. ಯಾರ ಕಣ್ಣೂ ವಾಕರ್ ಕಡೆ ಹೋಗಲಿಲ್ಲ. ಎಲ್ಲರೂ ನೋಡುತ್ತಿದ್ದುದು ನನ್ನನ್ನು.

ಕಮಲ ನಿಧಾನವಾಗಿ ನಲ್ಲಿಯ ಪಕ್ಕಕ್ಕೆ ಹೋಗಿ ಆ ಬೆನ್ನಿನ ಮುಂದೆ ನಿಂತಳು. ಒಂದು ನಿಮಿಷವೂ ನೋಡಲಿಲ್ಲ. ಚಿತ್ರದ ಬಲ ಭುಜದ ಮೇಲೆ ಕೈಯಿಟ್ಟು, "ನೀವೇ ಕಣ್ರೀ!" ಎಂದಳು.

ಸುತ್ತಲೂ ನಗು ಎದ್ದಿತು. ನಾನು ಬೆಪ್ಪನಂತೆ ನಿಂತೆ. ಅಷ್ಟು ದಿನ ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾಗಿ ಕಿವಿ ಬಿಸಿಯಾಯಿತು. ಜಂಬದ ಮನುಷ್ಯ, ಮನೆಯಲ್ಲಿ ಮಾತು ನಡೆಯದವನು, ಯಾರನ್ನೂ ಕಾಯದವನು! ಕೈ ತಾನಾಗಿ ನೆತ್ತಿಯ ಮೇಲೆ ಹೋಯಿತು. ಅಲ್ಲಿ ಬಯಲು ಇತ್ತು. ಸರ್ವೆ ಮಾಡಿ ಮಾಡಿ ಊರ ಬಯಲನ್ನೆಲ್ಲ ಅಳೆದವನಿಗೆ ಇದು ಗೊತ್ತೇ ಇರಲಿಲ್ಲ.

"ನಿನಗೆ ಹೇಗೆ ಅಷ್ಟು ಬೇಗ ಗೊತ್ತಾಯಿತು?" ಎಂದೆ, ಜನ ಚದುರಿದ ಮೇಲೆ. ಇಬ್ಬರೂ ಬೆಂಚಿನ ಮೇಲೆ ಕೂತಿದ್ದೆವು.

"ಗೊತ್ತಾಗದೇ ಏನು? ಮದುವೆ ಆದಾಗಿಂದ ಇದನ್ನೇ ನೋಡ್ಕೊಂಡು ಬಂದಿದೀನಿ. ದೇವಸ್ಥಾನಕ್ಕೆ ಹೋಗಲಿ, ಮಾರ್ಕೆಟ್ಟಿಗೆ ಹೋಗಲಿ, ಬೆಟ್ಟ ಹತ್ತಲಿ, ನೀವು ಮುಂದೆ, ನಾನು ಹಿಂದೆ. ನಿಮ್ಮ ನೆತ್ತೀಲಿ ಕೂದಲು ಉದುರೋಕೆ ಶುರುವಾದಾಗ ಮೊದಲು ನೋಡಿದೋಳು ನಾನೇ. ನೀವು ಬೇಜಾರು ಮಾಡ್ಕೋತೀರ ಅಂತ ಹೇಳಲಿಲ್ಲ."

ಮುಂದೆ ನಡೆಯುವುದು ನನ್ನ ವೃತ್ತಿಯ ಅಭ್ಯಾಸ, ಸರಪಳಿಯ ಮುಂದಿನ ತುದಿ ಹಿಡಿದವನು ಹಾಗೇ ನಡೆಯಬೇಕು ಎಂದು ಸಮರ್ಥಿಸಿಕೊಳ್ಳಲು ಬಾಯಿ ತೆರೆದೆ. ಮುಚ್ಚಿದೆ. ಹಿಂದಿನ ತುದಿ ಹಿಡಿದವರು ಯಾರು ಎಂದು ಅವಳು ಕೇಳಿಬಿಟ್ಟರೆ? ಮನಸ್ಸು ತುಂಬಿ ಬಂತು. ಅದನ್ನು ಮರೆಸಲು ಸ್ವಲ್ಪ ಸಿಡುಕಿನಿಂದಲೇ, "ಅಲ್ಲ ಕಣೇ, ನಾನು ಹೇಳಿದ ಮೊದಲ ದಿನವೇ ನಿನಗೆ ಗೊತ್ತಾಗಿರಬೇಕು. ಮನೆಯಲ್ಲೇ ಹೇಳಿಬಿಡಬಹುದಿತ್ತು. ಇಷ್ಟು ನೋವು ತಿಂದುಕೊಂಡು ಇಲ್ಲಿ ತನಕ ಯಾಕೆ ಬಂದೆ?" ಎಂದೆ.

ಅವಳು ಮಂಡಿ ನೀವಿಕೊಳ್ಳುತ್ತಾ ನನ್ನ ಕಡೆ ತಿರುಗಿ ನಕ್ಕಳು. "ಬೆನ್ನು ನೋಡಿ ನೋಡಿ ಸಾಕಾಗಿತ್ತು ಕಣ್ರೀ. ಗೊತ್ತಾದಾಗ ನಿಮ್ಮ ಮುಖ ಹೇಗಾಗುತ್ತೆ ನೋಡೋಣ ಅಂತ ಬಂದೆ."

ನನ್ನ ಮುಖ ಆಗ ಹೇಗಾಗಿತ್ತೋ ನನಗೆ ತಿಳಿಯದು. ಅವಳು ಮಾತ್ರ ಬಹಳ ಹೊತ್ತು ನೋಡಿದಳು. ಬಂದ ಕಷ್ಟಕ್ಕೆ ಸಾರ್ಥಕವಾಯಿತು ಎಂಬ ತೃಪ್ತಿ ಅವಳಲ್ಲಿ ಕಾಣುತ್ತಿತ್ತು. ಆಮೇಲೆ, "ನಾಳೆಯೂ ಬರೋಣ. ಸಾವಿತ್ರಮ್ಮನ ಬೆನ್ನು ಸರಿಯಾಗಿ ನೋಡೋಕಾಗಲಿಲ್ಲ" ಎಂದಳು. ನಾನು ಕಣ್ಣೊರೆಸಿಕೊಳ್ಳಲು ಕನ್ನಡಕ ತೆಗೆದೆ, ಧೂಳು ಎಂದೆ.

ಹೊರಡುವಾಗ ವಾಕರ್ ತಿರುಗಿಸಿಕೊಂಡು ಅವಳೇ ಮೊದಲು ಎದ್ದಳು. ಹಾದಿ ಕಿರಿದು, ವಾಕರ್ ಅಗಲ. ಪಕ್ಕದಲ್ಲಿ ಜಾಗವಿರಲಿಲ್ಲ. ನಾನು ಹಿಂದೆ ಉಳಿದೆ. ಅವಳ ಬೆನ್ನನ್ನು ಹಾಗೆ ನಿಂತು ನೋಡಿದ್ದು ಅದೇ ಮೊದಲು. ಜಡೆ ಇಷ್ಟು ಸಣ್ಣಗಾಗಿರುವುದು ಗೊತ್ತಿರಲಿಲ್ಲ. ಹೆಜ್ಜೆ ಇಡುವಾಗ ತಲೆ ಎಡಕ್ಕೆ ಸ್ವಲ್ಪ ವಾಲುತ್ತದೆ. ಆಪರೇಷನ್ ಆದ ಮೇಲೆ ಹೀಗಾಯಿತೋ, ಮದುವೆಯ ದಿನ ನನ್ನ ಹಿಂದೆ ಸಪ್ತಪದಿ ತುಳಿಯುವಾಗಲೂ ಹೀಗೇ ಇತ್ತೋ, ಹೇಳಲು ನನಗೆ ಬರುವುದಿಲ್ಲ. ಕೇಳಬೇಕು ಎಂದುಕೊಂಡು ಅಲ್ಲೇ ನಿಂತಿದ್ದೆ.

ಅವಳು ಹಿಂದೆ ತಿರುಗಿ ನೋಡದೆಯೇ, "ಏನ್ರೀ, ಬರ್ತಾ ಇದೀರಾ?" ಎಂದಳು.

"ಬಂದೆ, ಬಂದೆ" ಎಂದೆ. "ನೀನು ನಿಧಾನವಾಗಿ ಹೋಗು. ನಾನಿನ್ನೂ ನೋಡ್ತಾ ಇದೀನಿ."